ನಮ್ಮಮ್ಮ ಓದು ಕಲಿತದ್ದು

ನಮ್ಮಮ್ಮ ಪಿಳ್ಳಮ್ಮ ಓದು ಕಲಿತದ್ದು ತಾನೇ ಬಚ್ಚಿಟ್ಟ ಒಂದು ಕಾಗದವನ್ನು ಓದುವುದಕ್ಕೆ. ಆಗ ಅವಳಿಗೆ ಇಪ್ಪತ್ತೈದು ವರ್ಷ, ನಾನು ಇನ್ನೂ ಕೈಗೂಸು. ಹಾಗಾಗಿ ನಾನು ಇಲ್ಲಿ ಬರೆಯುವುದೆಲ್ಲ ಕೇಳಿ ತಿಳಿದದ್ದು. ಅರ್ಧ ಅಮ್ಮ ಹೇಳಿದ್ದು, ಅರ್ಧ ಅನುಸೂಯಮ್ಮ ಚಿಕ್ಕಮ್ಮ ಹೇಳಿದ್ದು. ಇಬ್ಬರೂ ಒಂದೇ ಕಡೆ ಕೂತು ಈ ಮಾತು ತೆಗೆದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ನಮ್ಮದು ನಂದಗುಡಿ. ಅಮ್ಮ ಹದಿನಾಲ್ಕನೇ ವಯಸ್ಸಿಗೆ ಜಡಿಗೇನಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಳು. ಬಂದ ಎರಡನೇ ವರ್ಷಕ್ಕೆ ಅತ್ತೆ ತೀರಿಕೊಂಡರು. ಅಲ್ಲಿಂದ ಮುಂದೆ ಮನೆಗೆಲ್ಲ ಅವಳೊಬ್ಬಳೇ ಹೆಂಗಸು. ಮಾವ ವೆಂಕಟರಾಯಪ್ಪ, ಅಂದರೆ ನಮ್ಮ ತಾತ. ಗಂಡ ಮುನಿವೆಂಕಟಪ್ಪ. ಹನ್ನೆರಡು ವರ್ಷದ ಮೈದುನ ಸಂಜೀವಪ್ಪ. ಸಂಜೀವಪ್ಪನ ತಲೆಗೆ ಎಣ್ಣೆ ಹಚ್ಚಿ, ಅಂಗಿ ಒಗೆದು, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದವಳು ಅಮ್ಮ. ಅವನು ತಾಯಿಯ ಹತ್ತಿರ ಹೇಳಿಕೊಳ್ಳುವುದನ್ನೆಲ್ಲ ಅತ್ತಿಗೆಯ ಹತ್ತಿರ ಹೇಳಿಕೊಳ್ಳುತ್ತಿದ್ದ. ಅಮ್ಮನಿಗೆ ಎರಡು ಹೆರಿಗೆಯಾಗಿ ಎರಡೂ ಕೂಸು ಕೈಗೆ ಸಿಗಲಿಲ್ಲ. ಆ ದಿನಗಳಲ್ಲಿ ಅವಳಿಗೆ ಮಗ ಅಂತ ಇದ್ದದ್ದು ಮೈದುನನೇ.

ಸಂಜೀವಪ್ಪ ಮಿಡ್ಲ್ ಸ್ಕೂಲು ಮುಗಿಸಿ, ಲಾರಿ ಓಡಿಸುವುದು ಕಲಿತ. ಇಪ್ಪತ್ತು ತುಂಬಿದಾಗ ಹೊಸಕೋಟೆಯ ಒಬ್ಬ ಮೇಷ್ಟರ ಮಗಳನ್ನು ತಂದರು. ಅನುಸೂಯಮ್ಮ. ಹದಿನೇಳು ವರ್ಷ, ತೆಳ್ಳಗೆ, ಬೆಳ್ಳಗೆ, ಲೋವರ್ ಸೆಕೆಂಡರಿ ಪಾಸಾದವಳು. ಅವಳ ಜೊತೆ ಬಂದ ಟ್ರಂಕಿನಲ್ಲಿ ಅರ್ಧ ಸೀರೆ, ಅರ್ಧ ಪುಸ್ತಕ. ಮದುವೆಯಾಗಿ ಮೂರು ತಿಂಗಳಿಗೆ ಸಂಜೀವಪ್ಪ ಯಾರ ಮಾತೂ ಕೇಳದೆ ಹೋಗಿ ದಂಡಿನಲ್ಲಿ ಲಾರಿ ಡ್ರೈವರಾಗಿ ಸೇರಿಕೊಂಡ. ಅದು ಯುದ್ಧದ ಕಾಲ. ಆಗ ನಾನು ಅಮ್ಮನ ಹೊಟ್ಟೆಯಲ್ಲಿ ಏಳು ತಿಂಗಳು.

ಹೊಸ ಸೊಸೆಗೆ ಮನೆಗೆಲಸ ಏನೂ ಹತ್ತುತ್ತಿರಲಿಲ್ಲ. ಮುದ್ದೆ ತಿರುವಿದರೆ ಗಂಟು. ಸೇದುಬಾವಿಯಿಂದ ನೀರು ತಂದರೆ ಅರ್ಧ ದಾರಿಯಲ್ಲಿ, ಅರ್ಧ ಸೀರೆಯ ಮೇಲೆ. ಸಗಣಿ ಬಾಚುವಾಗ ಉಸಿರು ಬಿಗಿಹಿಡಿದು ಕೆಮ್ಮುತ್ತಿದ್ದಳು. ಅಮ್ಮ ಎರಡು ಸಲ ತೋರಿಸಿಕೊಟ್ಟಳು, ಮೂರನೇ ಸಲ ಕೈಯಿಂದ ಕಿತ್ತುಕೊಂಡು ತಾನೇ ಮಾಡಿದಳು. ನಾನು ಹುಟ್ಟಿದ ಮೇಲೆ ಒಂದು ದಿನ ತಾತ ಜಗಲಿಯ ಮೇಲಿಂದ ಹೇಳಿದರು:

"ಬಿಡಮ್ಮ ಪಿಳ್ಳಮ್ಮ, ಓದಿರೋ ಹುಡ್ಗಿ. ಅದ್ರ ಕೈಲಿ ಅದಾಗಲ್ಲ. ಕೂಸು ನೋಡ್ಕೊಳ್ಳಿ, ನಂಗೆ ನಾಕಕ್ಷರ ಪೇಪರ್ ಓದಿ ಹೇಳ್ಳಿ."

ತಾತನಿಗೆ ಕಣ್ಣಿಗೆ ಪೊರೆ ಬಂದಿತ್ತು. ಶಾನುಭೋಗರ ಮನೆಯಿಂದ ಎರಡು ದಿನ ಹಳೆಯ ಪೇಪರು ಬರುತ್ತಿತ್ತು. ಮಧ್ಯಾಹ್ನ ಅನುಸೂಯಮ್ಮ ಜಗಲಿಯ ಒಳಬದಿಗೆ ಕೂತು, ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಓದುವಳು. ಯುದ್ಧದ ಸುದ್ದಿ ಮುಗಿದರೆ ಟ್ರಂಕಿನಿಂದ ಒಂದು ಕಥೆ ಪುಸ್ತಕ. ಬೀದಿಯ ಮುದುಕರೂ ಬಂದು ಕೂರುವರು. ನಮ್ಮಪ್ಪ ಹೊಲದಿಂದ ಊಟಕ್ಕೆ ಬಂದವನು ಊಟವಾದ ಮೇಲೂ ಕಂಬಕ್ಕೆ ಒರಗಿ ನಿಲ್ಲುವನು. ಅಮ್ಮ ಮದುವೆಯಾಗಿ ಬಂದ ಮೇಲೆ ಅವನು ಹಾಗೆ ಮನೆಯಲ್ಲಿ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಅಮ್ಮ ಒಳಗೆ ರಾಗಿ ಬೀಸುತ್ತಿರುವಳು. ಒಂದು ದಿನ ತಾತ ಕೂಗಿದರು: "ಒಂದೀಟು ಮೆತ್ತಗೆ ಬೀಸಮ್ಮ, ಏನೂ ಕೇಳಾಕಿಲ್ಲ."

ಅಮ್ಮ ಬೀಸುವ ಕಲ್ಲಿನ ಗೂಟ ಬಿಟ್ಟಳು. 'ನಾನು ಬೀಸದಿದ್ದರೆ ಸಂಜೆ ಇವರೆಲ್ಲ ಪೇಪರು ತಿನ್ನುತ್ತಾರೇನೋ' ಅಂದುಕೊಂಡಳಂತೆ. ಆಮೇಲೆ ಮೆತ್ತಗೇ ಬೀಸಿದಳು. ಮೆತ್ತಗೆ ಬೀಸಿದರೆ ಒಂದು ಹೊತ್ತಿನ ಹಿಟ್ಟಿಗೆ ಎರಡು ಹೊತ್ತು ಹಿಡಿಯುತ್ತದೆ.

ಇದೆಲ್ಲ ಹೋಗಲಿ ಅಂದರೂ ಅವಳಿಗೆ ತಡೆದುಕೊಳ್ಳಲಾಗದ್ದು ನನ್ನ ವಿಷಯ. ಎರಡು ಕಳೆದುಕೊಂಡು ಹೆತ್ತ ಕೂಸು ನಾನು. ಬೆಳಿಗ್ಗೆ ಎಣ್ಣೆ ನೀವಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಹಾಲು ಕುಡಿಸಿ ಅನುಸೂಯಮ್ಮನ ಕೈಗೆ ಕೊಟ್ಟರೆ ಮತ್ತೆ ಅಮ್ಮನ ಕೈಗೆ ನಾನು ಸಿಗುತ್ತಿದ್ದದ್ದು ಹಸಿವಾದಾಗ ಮಾತ್ರ. ದನ, ಒಲೆ, ಬಾವಿ, ಬೀಸುವ ಕಲ್ಲು, ಎಲ್ಲವೂ ಅಮ್ಮನ ಪಾಲು. ನಾನು ಚಿಕ್ಕಮ್ಮನ ಪಾಲು. ಅವಳು ಪುಸ್ತಕ ತೆರೆದು ಓದಲು ಶುರುಮಾಡಿದರೆ ನಾನು ಅಳು ನಿಲ್ಲಿಸಿ ಅವಳ ಬಾಯಿಯನ್ನೇ ನೋಡುತ್ತಿದ್ದೆನಂತೆ. ಅಮ್ಮ ಜೋಲಿ ತೂಗಿ ತೂಗಿ ತೋಳು ಸೋತರೂ ಮಲಗದ ನಾನು ಚಿಕ್ಕಮ್ಮ ಅರ್ಧ ಹಾಳೆ ಓದುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದೆ.

ಒಂದು ಸಂಜೆ ಅಪ್ಪ ನನ್ನನ್ನು ತೋರಿಸಿ ನಗುತ್ತಾ ಅಂದ: "ನೋಡ್ತಿರು, ಗಂಗಲಕ್ಷ್ಮಿ ಮೊದ್ಲು ಅಮ್ಮ ಅನ್ನೋದು ಅನ್ಸೂಯನ್ನೇ."

ಎಲ್ಲರೂ ನಕ್ಕರು. ಅನುಸೂಯಮ್ಮನೂ ನಕ್ಕಳು. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಆ ನಗು ತನ್ನ ಕಿವಿಯಲ್ಲಿ ಎಷ್ಟೋ ದಿನ ಇತ್ತು ಅಂತ ನನಗೆ ಹೇಳಿದಳು.

ಸಂಜೀವಪ್ಪನ ಕಾಗದ ಬಂದ ದಿನವಂತೂ ಅನುಸೂಯಮ್ಮ ಮನೆಯ ಯಜಮಾನಿ. ತಾತ "ಇನ್ನೊಂದ್ಸಲ ಓದಮ್ಮ" ಅನ್ನುವರು. ಅವಳು ನಡುವೆ ಎಲ್ಲೋ ಎರಡು ಸಾಲು ಬಿಟ್ಟು, ಕೆಂಪಾಗಿ, ಮುಂದಕ್ಕೆ ಓದುವಳು. ಅಮ್ಮ ಹೊಗೆಗಣ್ಣು ಒರೆಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವಳು. ತಾನು ಸಾಕಿದ ಹುಡುಗ ಏನು ಬರೆದಿದ್ದಾನೆ ಅನ್ನುವುದನ್ನು ನಿನ್ನೆ ಮೊನ್ನೆ ಬಂದವಳ ಬಾಯಿಂದ ಕೇಳಬೇಕಲ್ಲ, ಅವಳು ಓದಿದಷ್ಟೇ ಕೇಳಬೇಕಲ್ಲ ಅಂತ ಒಳಗೆ ಕುದಿಯುವಳು.

ಸಾವಿರದ ಒಂಬೈನೂರ ನಲವತ್ತನಾಲ್ಕರ ವೈಶಾಖ ಮಾಸ. ಅಪ್ಪ, ತಾತ ಹೊಲಕ್ಕೆ ಹೋಗಿದ್ದರು. ಅನುಸೂಯಮ್ಮ ನನ್ನನ್ನು ಎತ್ತಿಕೊಂಡು ಮೂರನೇ ಮನೆಗೆ ಹೋಗಿದ್ದಳು. ಅಮ್ಮ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ಟಪಾಲಿನ ಆದಿನಾರಾಯಣಪ್ಪ ಅಲ್ಲಿಗೇ ಬಂದ.

"ಸಂಜೀವಪ್ಪಂದು ಕಣಮ್ಮ. ಲಕೋಟೆ."

"ಕೈಯೆಲ್ಲ ಸಗಣಿ. ಆ ಕಲ್ಲಿನ್ಮೇಲೆ ಇಡಣ್ಣ."

ಅವನು ಇಟ್ಟು ಹೋದ. ಅಮ್ಮ ಕೈ ತೊಳೆದುಕೊಂಡು ಅದನ್ನು ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಸಾಲಾಗಿ ಇರುವೆ ಹರಿದ ಹಾಗೆ ಅಕ್ಷರ. ಸಂಜೆ ನಡೆಯುವುದೆಲ್ಲ ಅವಳ ಕಣ್ಣ ಮುಂದೆ ಬಂತು. 'ಒಂದೇ ಒಂದು ದಿನ ಈ ಮನೆಯಲ್ಲಿ ಅವಳು ಏನೂ ಓದದೆ ಇರಲಿ' ಅನ್ನಿಸಿತು. ನಾಳೆ ಕೊಟ್ಟರೆ ಆಯಿತು, ಇವತ್ತೊಂದು ದಿನ. ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ, ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಗೋಡೆಯ ಗೂಡಿನಲ್ಲಿ ಇಟ್ಟಳು.

ಸ್ವಲ್ಪ ಹೊತ್ತಿಗೆ ಅನುಸೂಯಮ್ಮ ಬಂದಳು. ಅಮ್ಮನಿಗೆ ಆ ಗಳಿಗೆಯಲ್ಲೇ ಮನಸ್ಸು ಕರಗುತ್ತಿತ್ತು, ಕೊಟ್ಟುಬಿಡುವವಳೇ ಇದ್ದಳು. "ಬಾರೇ ಚಿನ್ನಾ" ಅಂತ ಕೈ ಚಾಚಿದಳು. ನಾನು ಮುಖ ತಿರುಗಿಸಿಕೊಂಡು ಚಿಕ್ಕಮ್ಮನ ಕತ್ತು ತಬ್ಬಿಕೊಂಡೆ. ಏಳು ತಿಂಗಳ ಕೂಸಿನ ಕೆಲಸ ಅದು, ಅದರಲ್ಲಿ ಏನಿದೆ? ಆದರೆ ಅಮ್ಮನ ಬಾಯಿಗೆ ಬಂದ ಮಾತು ಹಾಗೇ ಹಿಂದಕ್ಕೆ ಹೋಯಿತು. "ಇಟ್ಕೋ, ನೀನೇ ಇಟ್ಕೋ" ಅಂದು ಬಾವಿಗೆ ಹೊರಟಳು.

ಮಾರನೇ ದಿನ ಕೊಡಬೇಕೆಂದರೆ, ನಿನ್ನೆ ಯಾಕೆ ಕೊಡಲಿಲ್ಲ ಅಂತ ಕೇಳುತ್ತಾರೆ. ಮೂರನೇ ದಿನ ಇನ್ನೂ ಕಷ್ಟವಾಯಿತು. ವಾರ ಕಳೆದ ಮೇಲೆ ಅದು ಕೊಡುವ ಕಾಗದವಾಗಿ ಉಳಿಯಲಿಲ್ಲ.

ಆಮೇಲೆ ಕಾಗದ ಬರುವುದೇ ನಿಂತುಹೋಯಿತು.

ಜ್ಯೇಷ್ಠ ಕಳೆಯಿತು, ಆಷಾಢ ಕಳೆಯಿತು. ಅನುಸೂಯಮ್ಮ ಗಂಡನಿಗೆ ಎರಡು ಕಾಗದ ಹಾಕಿದಳು. ಅವನು ಮೊದಲು ಕೊಟ್ಟಿದ್ದ ವಿಳಾಸಕ್ಕೇ ಹಾಕಿದ್ದಳು. ಉತ್ತರವಿಲ್ಲ. ದಿನಾ ಬೀದಿಗೆ ಬಂದು ನಿಲ್ಲುವಳು. ಒಂದು ದಿನ ಅಮ್ಮನ ಎದುರಿಗೇ ಕೇಳಿದಳು:

"ಆದಿನಾರಾಯಣಪ್ಪ, ಇವತ್ತೂ ಇಲ್ವಾ?"

"ಇಲ್ಲಮ್ಮ. ಆವತ್ತು ಕೊಟ್ಟಿದ್ದೇ ಕೊನೇದು."

ಯುಗಾದಿಯ ಹೊತ್ತಿಗೆ ಬಂದದ್ದನ್ನು ಹೇಳುತ್ತಿದ್ದಾನೆ ಅಂದುಕೊಂಡು ಅನುಸೂಯಮ್ಮ ತಲೆ ಆಡಿಸಿದಳು. ಅಮ್ಮ ಕೊಡ ಹೊತ್ತು ನಿಂತಲ್ಲೇ ನಿಂತಳು. ಕೊಡದ ನೀರು ತುಳುಕಿತು.

ತಾತ ಊಟ ಕಡಿಮೆ ಮಾಡಿದರು. ಪೇಪರಿನಲ್ಲಿ ಸತ್ತವರ ಲೆಕ್ಕ ಬಂದರೆ ಅನುಸೂಯಮ್ಮನ ದನಿ ತಡೆಯುತ್ತಿತ್ತು. ಮನೆಯವರೆಲ್ಲ ಹೀಗೆ ಕಾಯುತ್ತಿರುವಾಗ ಅವನ ಒಂದು ಕಾಗದ ವಾಡೆಯ ಹಿಂದೆ ಇದೆ ಅನ್ನುವುದು ಅಮ್ಮ ಒಬ್ಬಳಿಗೇ ಗೊತ್ತು. ಅದರಲ್ಲಿ ಏನಿದೆ? ಹುಷಾರಿಲ್ಲ ಅಂತ ಬರೆದಿದ್ದಾನೋ? ಎಲ್ಲಿಗೆ ಹೋಗುತ್ತೇನೆ ಅಂತ ಬರೆದಿದ್ದಾನೋ? ಒಲೆಗೆ ಹಾಕೋಣ ಅಂತ ಎರಡು ಸಲ ತೆಗೆದಳು, ಕೈ ಬರಲಿಲ್ಲ. ಶಾನುಭೋಗರ ಹತ್ತಿರ ಓದಿಸಿದರೆ ಊರಿಗೇ ಗೊತ್ತಾಗುತ್ತದೆ. ಬೇರೆ ದಾರಿಯೇ ಇರಲಿಲ್ಲ. ತಾನೇ ಓದಬೇಕು.

ಶ್ರಾವಣದ ಒಂದು ಮಧ್ಯಾಹ್ನ ಬೀಸುವ ಕಲ್ಲಿನ ಮುಂದೆ ಕೂತು ಅಮ್ಮ ಕೇಳಿದಳು: "ಅನ್ಸೂಯ, ನಂಗೂ ಎರಡಕ್ಷರ ಹೇಳ್ಕೊಡ್ತೀಯಾ?"

ಅನುಸೂಯಮ್ಮ ಬೆರಗಾಗಿ ನೋಡಿದಳು. "ನಿಜವಾಗ್ಲೂನಾ ಅಕ್ಕ?"

"ಯಾಕೆ, ನನ್ನಂಥೋಳಿಗೆ ಬರಾಕಿಲ್ವಾ?"

"ಅಯ್ಯೋ ಹಂಗಲ್ಲ." ಅವಳ ಕಣ್ಣಲ್ಲಿ ನೀರು ಬಂತು. "ನಿಮಗೆ ನಾನಂದ್ರೇನೇ ಆಗಲ್ಲ ಅಂದ್ಕೊಂಡಿದ್ದೆ. ನೀವಾಗೇ ಕೇಳ್ತೀರ ಅಂತ ಗೊತ್ತಿರ್ಲಿಲ್ಲ."

ಅಮ್ಮ ಗೂಟ ತಿರುಗಿಸಿದಳು.

ಆವತ್ತಿನಿಂದ ಇಬ್ಬರೂ ಕಲ್ಲಿನ ಎರಡು ಕಡೆ ಕೂತು ಒಂದೇ ಗೂಟ ಹಿಡಿದು ಬೀಸಿದರು. ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಸಮ ಮಾಡಿ ಅನುಸೂಯಮ್ಮ ಬೆರಳಲ್ಲಿ ಬರೆಯುವಳು. ಅಮ್ಮ ಅದರ ಪಕ್ಕದಲ್ಲಿ ತಿದ್ದುವಳು. ನಾನು ತೆವಳಿ ಬಂದು ಎರಡನ್ನೂ ಅಳಿಸುವೆ. ಬೀಸುವುದನ್ನು ಚಿಕ್ಕಮ್ಮ ಕಲಿತಳು, ಅಕ್ಷರವನ್ನು ಅಮ್ಮ ಕಲಿತಳು. ಅಮ್ಮನ ಬುದ್ಧಿ ಚುರುಕು. ತಿಂಗಳೊಳಗೆ ಅಕ್ಷರ, ಗುಣಿತ ಎಲ್ಲ ಬಂತು. ಒತ್ತಕ್ಷರ ಮಾತ್ರ ಕಾಡಿತು. ತಾತ ಜಗಲಿಯಿಂದ "ಭಲೆ ಪಿಳ್ಳಮ್ಮ" ಅಂದಾಗ ಅವಳಿಗೆ ಸಂತೋಷವೂ ಆಯಿತು. ಆದರೆ ಹೊಟ್ಟೆಕಿಚ್ಚು ಹೋಗಲಿಲ್ಲ. ಅಮ್ಮ ಒಂದೊಂದೇ ಅಕ್ಷರ ಹಿಡಿದು ಎಳೆದು ಓದಿದರೆ ನಾನು ಕಿರುಚುತ್ತಿದ್ದೆ. ಅನುಸೂಯಮ್ಮ ಅದೇ ಸಾಲನ್ನು ನೀರು ಹರಿದಂತೆ ಓದಿದರೆ ಸುಮ್ಮನಾಗುತ್ತಿದ್ದೆ.

ಅಚ್ಚಿನ ಅಕ್ಷರ ಬಂದರೂ ಕೈಬರಹ ಬರಲಿಲ್ಲ. ಒಂದು ದಿನ ಕದ್ದು ಲಕೋಟೆ ತೆಗೆದು ನೋಡಿದಳು. ಏನೂ ತಿಳಿಯಲಿಲ್ಲ. ಆಗ ಅನುಸೂಯಮ್ಮನನ್ನು ಕೇಳಿದಳು: "ಕೈಯಲ್ಲಿ ಬರೆದಿದ್ದು ಓದಾಕೆ ಬರ್ಬೇಕಲ್ಲ. ಸಂಜೀವಂದು ಹಳೇ ಕಾಗದ ಇದ್ರೆ ಕೊಡ್ತೀಯಾ?"

ಅನುಸೂಯಮ್ಮ ಟ್ರಂಕಿನ ತಳದಿಂದ ಕಟ್ಟು ತೆಗೆದು ತಂದಳು. ಅಮ್ಮನ ಪಕ್ಕದಲ್ಲೇ ಕೂತು, ಕೆಲವು ಸಾಲುಗಳ ಮೇಲೆ ಹೆಬ್ಬೆರಳು ಮುಚ್ಚಿಕೊಂಡು, "ಇದೊಂದು ಬೇಡ ಅಕ್ಕ" ಅಂತ ನಾಚಿ ನಕ್ಕು, ಉಳಿದದ್ದನ್ನು ಓದಿಸಿದಳು. ತಿಂಗಳುಗಟ್ಟಲೆ ಗಂಡನ ಸುದ್ದಿಯಿಲ್ಲದೆ ಇದ್ದವಳಿಗೆ ಆ ಹಳೆಯ ಕಾಗದಗಳನ್ನು ಇನ್ನೊಬ್ಬರ ಜೊತೆ ಓದುವುದೇ ಒಂದು ಸಮಾಧಾನವಾಗಿತ್ತು. ಅವಳ ಭುಜ ತನ್ನ ಭುಜಕ್ಕೆ ತಾಗುತ್ತಿದ್ದಾಗ ಬೆಂಕಿ ತಾಗಿದ ಹಾಗೆ ಆಗುತ್ತಿತ್ತು ಅಂತ ಅಮ್ಮ ಹೇಳಿದಳು. ಆದರೂ ಕಲಿತಳು. ಸಂಜೀವಪ್ಪನ 'ತ' ಹೇಗಿರುತ್ತದೆ, 'ನ' ಹೇಗಿರುತ್ತದೆ, ಸಾಲಿನ ಕೊನೆಯಲ್ಲಿ ಅವನು ಅಕ್ಷರ ಹೇಗೆ ಬಾಗಿಸುತ್ತಾನೆ, ಎಲ್ಲ.

ದಸರೆ ಕಳೆದು ಎರಡು ದಿನಕ್ಕೆ, ಬೆಳಗಿನ ಹೊತ್ತು, ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮ ಕಾಗದ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ದನ ಮೇಯಲು ಹೋಗಿದ್ದವು. ಮೇವು ಹಾಕುವ ಗೊಂತಿಗೆ ಒರಗಿ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು.

'ತೀರ್ಥರೂಪ ಅಪ್ಪನವರ ಪಾದಗಳಿಗೆ ಮಗ ಸಂಜೀವಪ್ಪ ಮಾಡುವ ನಮಸ್ಕಾರಗಳು. ನಮ್ಮನ್ನು ಬೆಂಗಳೂರು ದಂಡಿಗೆ ತಂದಿದ್ದಾರೆ. ಇಲ್ಲಿ ಎಂಟು ದಿನ ಇರುತ್ತೇವೆ. ಊರಿಗೆ ಬರಲು ರಜ ಕೊಡುವುದಿಲ್ಲ. ಸಾಯಂಕಾಲ ನಾಲ್ಕು ಗಂಟೆಗೆ ಮನೆಯವರು ಗೇಟಿನ ಹತ್ತಿರ ಬಂದರೆ ಅರ್ಧ ಗಂಟೆ ನೋಡಲು ಬಿಡುತ್ತಾರೆ. ಅಣ್ಣನು ಅನುಸೂಯಳನ್ನು ಕರೆದುಕೊಂಡು ಬರಲಿ. ಅತ್ತಿಗೆಯೂ ಕೂಸನ್ನು ಎತ್ತಿಕೊಂಡು ಖಂಡಿತ ಬರಬೇಕು. ನಾನು ಇನ್ನೂ ಕೂಸಿನ ಮುಖ ನೋಡಿಲ್ಲ. ಇಲ್ಲಿಂದ ಪೂರ್ವದ ಕಡೆಗೆ ಕಳಿಸುತ್ತಾರೆಂದು ಹೇಳುತ್ತಾರೆ. ಹೋದ ಮೇಲೆ ಏನೋ ಎಂತೋ. ದಿನಾ ನಾಲ್ಕು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ.'

ಮೇಲೆ ಅವನ ಪಡೆಯ ಹೊಸ ನಂಬರು ಇತ್ತು. ಅನುಸೂಯಮ್ಮ ಅಷ್ಟು ದಿನ ಬರೆದದ್ದೆಲ್ಲ ಹಳೆಯ ನಂಬರಿಗೆ ಹೋಗಿತ್ತು.

ಅಮ್ಮ ಇದನ್ನು ಮೂರು ಸಲ ಓದಿದಳು. 'ಅತ್ತಿಗೆಯೂ' ಅನ್ನುವ ಮಾತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ತನ್ನನ್ನು ಯಾರೂ ಕೇಳುವವರಿಲ್ಲ ಅನ್ನುವ ಸಂಕಟದಲ್ಲಿ ಬಚ್ಚಿಟ್ಟ ಕಾಗದದಲ್ಲಿ ಅವನು ತನ್ನನ್ನೇ ಕರೆದಿದ್ದ. ಬಂಡಿ ಕಟ್ಟಿ ಹೊಸಕೋಟೆಗೆ ಹೋಗಿದ್ದರೆ ಅಲ್ಲಿಂದ ಇದ್ದಲಿನಿಂದ ಓಡುವ ಬಸ್ಸು ಸಿಗುತ್ತಿತ್ತು. ಒಂದೇ ದಿನದ ದಾರಿ.

ಅನುಸೂಯಮ್ಮ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ನಿಂತಿದ್ದಳು. ಲಕೋಟೆ ಮುಂದೆ ಹಿಡಿದಳು.

"ಏನಕ್ಕ ಇದು?"

"ಓದು."

ಅನುಸೂಯಮ್ಮ ನಿಂತೇ ಓದಿದಳು. ಮುಖ ಅರಳಿತು. ಆಮೇಲೆ ಮೇಲಿನ ತಾರೀಖು ನೋಡಿದಳು.

"ಇದು ಯಾವಾಗ ಬಂತು?"

"ಆಗ್ಲೇ. ವೈಶಾಖದಲ್ಲಿ. ನಾನೇ ಎತ್ತಿಟ್ಟೆ."

"ಎತ್ತಿಟ್ರಾ? ಯಾಕೆ?"

ಅಮ್ಮ ಏನಾದರೂ ನೆಪ ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು. "ಹೊಟ್ಟೆಕಿಚ್ಚಿಗೆ" ಅಂದಳು.

"ಅಕ್ಷರ ಕಲ್ತಿದ್ದು?"

"ಇದ್ನ ಓದಾಕೇ."

ಅನುಸೂಯಮ್ಮ ನನ್ನನ್ನು ನೆಲದ ಮೇಲೆ ಕೂರಿಸಿದಳು. ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಗೆ ಹೋದಳು. ಆವತ್ತು ಅವಳು ತಂದ ಕೊಡದಲ್ಲಿ ಒಂದು ತೊಟ್ಟೂ ತುಳುಕಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು.

ಅವಳು ಯಾರಿಗೂ ದೂರು ಹೇಳಲಿಲ್ಲ. ಆದರೆ ಮಾರನೇ ದಿನದಿಂದ ನನ್ನನ್ನು ಎತ್ತಿಕೊಳ್ಳಲಿಲ್ಲ. ಪೇಪರು ಓದಲಿಲ್ಲ. ತಾತ ಕೇಳಿದರೆ "ಕಣ್ಣು ನೋವು ಮಾವ" ಅಂದಳು. ಬೆಳಕು ಹರಿಯುವ ಮೊದಲೇ ಎದ್ದು ಕೊಟ್ಟಿಗೆ ಬಾಚಿ, ನೀರು ತುಂಬಿ, ರಾಗಿ ಬೀಸಿ, ಒಂದು ಕೆಲಸವನ್ನೂ ಅಮ್ಮನಿಗೆ ಬಿಡಲಿಲ್ಲ. ಅಮ್ಮನಿಗೆ ಈಗ ದಿನವಿಡೀ ನಾನೊಬ್ಬಳೇ ಕೆಲಸ. ಅವಳು ಬೇಕೆಂದು ಹಂಬಲಿಸಿದ್ದು ಇದೇ. ನಾನು ಮಾತ್ರ ಚಿಕ್ಕಮ್ಮನ ಸೀರೆ ಕಂಡ ಕಡೆಗೆಲ್ಲ ತೆವಳಿಕೊಂಡು ಹೋಗಿ, ಅವಳು ಬಗ್ಗಿ ಎತ್ತದಿದ್ದಾಗ ಅತ್ತು ಅತ್ತು ಮೂರನೇ ದಿನಕ್ಕೆ ಜ್ವರ ಬಂದು ಮಲಗಿದೆ.

"ಅನ್ಸೂಯ, ನನ್ನ ಬೈಯಿ. ಹೊಡಿ ಬೇಕಾದ್ರೆ. ಕೂಸ್ನ ಎತ್ಕೊಳ್ಳೇ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು ಅಮ್ಮ.

ಅನುಸೂಯಮ್ಮ ಕಲ್ಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಕೂಸು ನಿಮ್ಮತ್ರಾನೇ ಇದ್ಯಲ್ಲಕ್ಕ" ಅಂದಳು.

ಆದರೆ ನನಗೆ ಜ್ವರ ಬಿಡುವ ತನಕ ಅವಳೂ ಊಟ ಮಾಡಲಿಲ್ಲ. ಅದನ್ನು ಹೇಳಿದ್ದು ಅಮ್ಮ. ಚಿಕ್ಕಮ್ಮ ಆ ವಿಷಯ ಎತ್ತಲೇ ಇಲ್ಲ.

ದೀಪಾವಳಿಗೆ ಅವಳ ತಂದೆ ಬಂದು ಹೊಸಕೋಟೆಗೆ ಕರೆದುಕೊಂಡು ಹೋದರು. ಹಬ್ಬ ಮುಗಿದರೂ ಬರಲಿಲ್ಲ. ಕಾರ್ತಿಕ ಮುಗಿದರೂ ಬರಲಿಲ್ಲ. ಒಂದು ಸಂಜೆ ತಾತ ಅಮ್ಮನನ್ನು ಕರೆದು ಕೂರಿಸಿಕೊಂಡರು.

"ಏನಾಯ್ತಮ್ಮ ನಿಮ್ಮಿಬ್ರ ಮಧ್ಯ? ನಂಗೆ ಕಣ್ಣು ಕಾಣಾಕಿಲ್ಲ, ಕಿವಿ ಕೇಳ್ತದೆ. ಆ ಹುಡ್ಗಿ ಹೋಗೋಕ್ಮುಂಚೇನೇ ಈ ಮನೇಲಿ ಒಬ್ರಿಗೊಬ್ರು ಮಾತಿರ್ಲಿಲ್ಲ."

ಅಮ್ಮ ಎಲ್ಲವನ್ನೂ ಹೇಳಿದಳು. ಅಪ್ಪ ಅಲ್ಲೇ ಇದ್ದ. ಕೇಳುತ್ತಾ ಕೇಳುತ್ತಾ ಎದ್ದು ನಿಂತವನು ಕೈ ಎತ್ತಿದ. ತಾತ ಗದರಿದರು: "ಇಳ್ಸು ಕೈ! ಹೊಡೆದ್ರೆ ಆ ಎಂಟು ದಿನ ವಾಪಸ್ ಬತ್ತವಾ?" ಆಮೇಲೆ ಕಣ್ಣೊರೆಸಿಕೊಂಡರು. ಕೊನೆಗೆ ಅಂದರು: "ಅವ್ನು ಅಲ್ಲೆಲ್ಲೋ ಕೂತು ಮನೆಯೋರೆಲ್ಲ ನನ್ನ ಮರ್ತ್ರು ಅಂದ್ಕೊಂಡವ್ನೆ. ಅಕ್ಷರ ಕಲ್ತಿದ್ದೀಯಲ್ಲ. ನೀನೇ ಬರಿ ಅವ್ನಿಗೆ."

ಕಾಗದ ಅನುಸೂಯಮ್ಮನ ಜೊತೆ ಹೋಗಿತ್ತು. ಆದರೆ ಅದರ ತಲೆಯ ಮೇಲಿದ್ದ ನಂಬರು ಅಮ್ಮನಿಗೆ ಬಾಯಿಗೇ ಬರುತ್ತಿತ್ತು. ನಾಲ್ಕು ಸಾಲು ಬರೆಯಲು ಎರಡು ದಿನ ಹಿಡಿಯಿತು. ಒತ್ತಕ್ಷರ ಬರೆಯಲು ಬಾರದೆ ಎಲ್ಲವನ್ನೂ ಬಿಟ್ಟಿದ್ದಳು. ಆ ಹಾಳೆಯನ್ನು ಸಂಜೀವಪ್ಪ ಚಿಕ್ಕಪ್ಪ ಇಟ್ಟುಕೊಂಡಿದ್ದ, ನಾನು ನೋಡಿದ್ದೇನೆ. 'ಸಂಜೀವ ನಿನ ಕಾಗದ ನಾನು ಬಚಿಟೆ. ಅನುಸೂಯಂದು ತಪು ಇಲ. ಅಪಂದು ತಪು ಇಲ. ಯಾರಿಗು ಗೊತಿರಲಿಲ. ನನಗೆ ಓದಾಕೆ ಬರತಿರಲಿಲ. ಈಗ ಬರತದೆ. ಕೂಸು ನಿಂತುಕೊತದೆ. ನಿನ ಅತಿಗೆ ಪಿಳಮ.'

ತಾತ ಅದನ್ನು ಅವಳ ಕೈಲೇ ಓದಿಸಿಕೊಂಡು ಆದಿನಾರಾಯಣಪ್ಪನಿಗೆ ಕೊಟ್ಟರು. ಅವನು ವಿಳಾಸ ನೋಡಿದ, ಅಮ್ಮನನ್ನು ನೋಡಿದ. ವೈಶಾಖದ ವಿಷಯ ಅವನು ಊರಲ್ಲಿ ಯಾರ ಹತ್ತಿರವೂ ಆಡಲಿಲ್ಲ.

ಉತ್ತರ ಬಂದದ್ದು ಶಿವರಾತ್ರಿ ಕಳೆದ ಮೇಲೆ, ಹೊಸಕೋಟೆಗೆ, ಅನುಸೂಯಮ್ಮನ ಹೆಸರಿಗೆ. ಅವಳೂ ಹೊಸ ನಂಬರಿಗೆ ಬರೆದಿದ್ದಳು. ಒಂದು ಬೆಳಿಗ್ಗೆ ತಂದೆಯ ಜೊತೆ ಬಂಡಿಯಲ್ಲಿ ಬಂದು ಇಳಿದವಳು ಕಾಲು ತೊಳೆದುಕೊಂಡು ತಾತನ ಹತ್ತಿರ ಕೂತು ಓದಿದಳು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸಂಜೀವಪ್ಪ ಬದುಕಿದ್ದ. ಮಲೇರಿಯಾ ಬಂದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಎಂಟು ದಿನವೂ ಗೇಟಿನ ಹತ್ತಿರ ನಿಂತೆ, ಯಾರೂ ಬರಲಿಲ್ಲ, ಸಿಟ್ಟಿಗೆ ಬರೆಯುವುದನ್ನೇ ಬಿಟ್ಟೆ ಅಂತ ಬರೆದಿದ್ದ. ಅನುಸೂಯಮ್ಮ ಕೊನೆಯ ಸಾಲನ್ನು ಅಡುಗೆಮನೆಗೆ ಕೇಳುವ ಹಾಗೆ ಓದಿದಳು. 'ಅತ್ತಿಗೆಯ ಕಾಗದವೂ ಬಂತು.' ಅಷ್ಟೇ ಇತ್ತು. ಅದಕ್ಕೆ ಹಿಂದೆ ಮುಂದೆ ಒಂದು ಮಾತೂ ಇರಲಿಲ್ಲ.

ಅನುಸೂಯಮ್ಮ ಉಳಿದುಕೊಂಡಳು. ಅಷ್ಟು ತಿಂಗಳಲ್ಲಿ ನಾನು ಅವಳನ್ನು ಮರೆತಿದ್ದೆ. ಅವಳು ಕೈ ಚಾಚಿದರೆ ಅಮ್ಮನ ಸೀರೆಯ ಹಿಂದೆ ಅವಿತುಕೊಂಡೆ. ಅವಳ ಮುಖ ಸಪ್ಪಗಾಯಿತು.

"ನಿಜ ಹೇಳ್ತೀನಿ ಕಣೇ, ನಂಗೆ ಆಗ್ಲೂ ಒಳಗೊಳಗೇ ಖುಷಿಯಾಯ್ತು. ಅಷ್ಟೆಲ್ಲಾ ಆದ್ಮೇಲೂ. ಎಂಥ ಕೆಟ್ಟ ಜೀವ ನೋಡು ನಂದು" ಅಂತ ಅಮ್ಮ ನನಗೆ ಹೇಳಿದಾಗ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು.

ಸಂಜೀವಪ್ಪ ಬಂದದ್ದು ನಲವತ್ತಾರರ ಮಾಘದಲ್ಲಿ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಊರೆಲ್ಲ ಜಗಲಿಯ ಮೇಲೆ ಸೇರಿದರೂ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಜನ ಕರಗಿದ ಮೇಲೆ ಅವನೇ ಒಳಗೆ ಬಂದು ಮಣೆ ಎಳೆದುಕೊಂಡು ಕೂತ. ಅಮ್ಮ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಅವನು ಅರ್ಧ ಉಂಡ ಮೇಲೆ ತಲೆ ಎತ್ತದೆ ಅಂದ:

"ನಾಕು ಗಂಟೆಗೆ ಬಿಡೋರು ಅತ್ಗೆ. ನಾನು ಮೂರಕ್ಕೇ ಹೋಗಿ ನಿಂತ್ಕೋತಿದ್ದೆ. ಬೇರೆಯೋರ ಮನೆಯೋರೆಲ್ಲ ಬರೋರು."

"ಹೂಂ" ಅಂದಳು ಅಮ್ಮ.

"ಸಾರು ಹಾಕು ಇನ್ನೊಂದೀಟು" ಅಂದ ಅವನು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಮಾರನೇ ವರ್ಷ ಅವನಿಗೆ ಬೆಂಗಳೂರಿನಲ್ಲಿ ಬಸ್ಸು ಓಡಿಸುವ ಕೆಲಸ ಸಿಕ್ಕಿ ಗಂಡ ಹೆಂಡಿರು ಹಲಸೂರಿನ ಕಡೆ ಮನೆ ಮಾಡಿದರು. ಊರಲ್ಲಿ ತಾತನಿಗೆ ಪೇಪರು ಓದುವ ಕೆಲಸ ಅಮ್ಮನಿಗೆ ಬಂತು. ಬೆರಳಿಟ್ಟು ನಿಧಾನವಾಗಿ ಓದುವಳು. ಒಂದೊಂದು ದಿನ ತಾತ ಆಕಳಿಸಿ, "ಅನ್ಸೂಯ ಆಗಿದ್ರೆ ಇಷ್ಟೊತ್ಗೆ ಎರಡು ಹಾಳೆ ಮುಗಿಸ್ತಿದ್ಲು" ಅನ್ನುವರು. ಅಮ್ಮ ಪೇಪರು ಅಲ್ಲೇ ಎಸೆದು ಒಳಗೆ ಹೋಗುವಳು. ಮಾರನೇ ದಿನ ತಾನಾಗೇ ಬಂದು ಕೂರುವಳು.

ನಲವತ್ತೊಂಬತ್ತರಲ್ಲಿ ಚಿಕ್ಕಮ್ಮನಿಗೆ ಮೊದಲ ಮಗು ಹುಟ್ಟಿತು. ಅವಳ ತಾಯಿಗೆ ಮೈ ಸರಿಯಿರಲಿಲ್ಲ. ಬಾಣಂತನಕ್ಕೆ ಯಾರು ಬೇಕು ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಅವಳು "ಪಿಳ್ಳಮ್ಮಕ್ಕನ್ನೇ ಕರ್ಸಿ" ಅಂದಳು. ಅಮ್ಮ ಬಟ್ಟೆಗಂಟು, ಬಜೆ, ಹರಳೆಣ್ಣೆ ಕಟ್ಟಿಕೊಂಡು, ಆರು ವರ್ಷದ ನನ್ನನ್ನೂ ಕರೆದುಕೊಂಡು ಹೋದಳು. ಮೂರು ತಿಂಗಳು ಇದ್ದೆವು.

ತುಂಬಾ ವರ್ಷದ ಮೇಲೆ ಚಿಕ್ಕಮ್ಮನನ್ನು ನಾನು ಕೇಳಿದೆ: "ಅಮ್ಮ ಮಾಡಿದ್ದನ್ನ ಕ್ಷಮಿಸಿಬಿಟ್ಟಿದ್ರಾ ಆಗ?"

"ಇಲ್ಲ" ಅಂದಳು ಚಿಕ್ಕಮ್ಮ, ತಟ್ಟನೆ. "ಆ ಎಂಟು ದಿನ ನಂಗೆ ಇವತ್ತಿಗೂ ಉರಿಯತ್ತೆ. ಆದ್ರೆ ಕೂಸಿಗೆ ನೀರು ಹಾಕೋಕೆ ನಿಮ್ಮಮ್ಮನಂಥ ಕೈ ಬೇರೆ ಯಾರ್ದಿತ್ತು ಹೇಳು? ನಂಗೆ ಕೊನೇವರ್ಗೂ ಬರ್ಲಿಲ್ಲ ಅದು."